ರಾತ್ರಿ ಹೊತ್ತು ಕ್ಲೋರಿನ್ ಎಲ್ಲಿಗೆ ಹೋಗುತ್ತಿತ್ತು?

ನಂಜನಗೂಡಿನ ಹತ್ತಿರ ನಮ್ಮ ತೋಟದ ಮನೆ. ಹಿಂದುಗಡೆ ಒಂದು ಸಣ್ಣ ಸ್ವಿಮ್ಮಿಂಗ್ ಪೂಲ್ ಇದೆ. ಉದ್ದ 6 ಮೀಟರ್, ಅಗಲ 3.5 ಮೀಟರ್, ಆಳ ಸರಾಸರಿ 1.3 ಮೀಟರ್. ಗುಣಿಸಿದರೆ 27.3 ಘನ ಮೀಟರ್, ಅಂದರೆ 27,300 ಲೀಟರ್. ಈ ಸಂಖ್ಯೆಯನ್ನು ಪಂಪ್ ರೂಮಿನ ಗೋಡೆಯ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಲೆಕ್ಕ ಎಲ್ಲ ಇಲ್ಲಿಂದಲೇ ಶುರು. ಇಷ್ಟು ನೀರಿನಲ್ಲಿ ಕ್ಲೋರಿನ್ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಏರಬೇಕಾದರೆ 27.3 ಗ್ರಾಂ ಕ್ಲೋರಿನ್ ಬೇಕು. 10 ಪರ್ಸೆಂಟ್ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಲೀಟರಿಗೆ ಸುಮಾರು 100 ಗ್ರಾಂ ಕೊಡುತ್ತದೆ. ಅಲ್ಲಿಗೆ 270 ಮಿಲಿ ಸುರಿದರೆ 1 ಪಿಪಿಎಂ.

ಅಪ್ಪನಿಗೆ ಈ ಪೂಲ್ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. "ಪಕ್ಕದಲ್ಲೇ ಕಪಿಲಾ ಹರೀತಾಳೆ. ಮನೆ ಹಿಂದೆ ಗುಂಡಿ ತೋಡಿ ಅದಕ್ಕೆ ದಿನಾ ಬ್ಲೀಚಿಂಗ್ ಹುಯ್ಯೋದು ಯಾವ ಸೀಮೆ ಬುದ್ಧಿವಂತಿಕೆನೋ" ಅಂತ ಅವರ ವಾದ. ಫೆಬ್ರವರಿಯಲ್ಲಿ ನನಗೂ ಹಾಗೇ ಅನ್ನಿಸತೊಡಗಿತ್ತು. ಒಂದೂವರೆ ತಿಂಗಳು ಬರುತ್ತಿದ್ದ 35 ಲೀಟರ್ ಹೈಪೋ ಕ್ಯಾನ್ ಹನ್ನೆರಡೇ ದಿನಕ್ಕೆ ಖಾಲಿ. ಸಂಜೆ ಹಾಕಿದ್ದು ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಮಾಯ. ನೀರು ನೋಡಲು ತಿಳಿಯಾಗಿಯೇ ಇತ್ತು. ಆದರೆ ಗೋಡೆ ಮುಟ್ಟಿದರೆ ಜಾರುತ್ತಿತ್ತು. ಮಕ್ಕಳು ಕಣ್ಣು ಕೆಂಪು ಮಾಡಿಕೊಂಡು ಮೇಲೆ ಬರುತ್ತಿದ್ದರು.

ಒಂದು ವಾರ ನಾನು ಮಾಡಿದ್ದು ಒಂದೇ ಕೆಲಸ, ಇನ್ನೂ ಜಾಸ್ತಿ ಸುರಿಯುವುದು. ಮೈಸೂರಿನ ಅಂಗಡಿಯೊಂದರಲ್ಲಿ ಕೇಳಿದೆ. ಫಾಸ್ಫೇಟ್ ಜಾಸ್ತಿ ಆಗಿರಬೇಕು ಅಂತ ಅದನ್ನು ತೆಗೆಯುವ ಒಂದು ಬಾಟಲಿ ಕೈಗಿಟ್ಟರು. ತಂದು ಹಾಕಿದೆ. ನೀರು ಒಂದು ದಿನ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು, ಅಷ್ಟೇ. ಫಾಸ್ಫೇಟ್ ಪಾಚಿಗೆ ಊಟ, ನಿಜ. ಆದರೆ ಅದು ತಾನಾಗಿ ಕ್ಲೋರಿನ್ ತಿನ್ನುವುದಿಲ್ಲ. ಬಾಟಲಿ ಕೊಳ್ಳುವ ಮೊದಲು ಇದನ್ನು ಓದಿಕೊಂಡಿದ್ದರೆ ದುಡ್ಡು ಉಳಿಯುತ್ತಿತ್ತು.

ಅಳತೆಯೇ ತಪ್ಪಾಗಿತ್ತು

ನನ್ನ ಹತ್ತಿರ ಇದ್ದದ್ದು ಎಲ್ಲರ ಹತ್ತಿರವೂ ಇರುವ ಹಳದಿ ಹನಿಯ ಕಿಟ್. ಟ್ಯೂಬಿನಲ್ಲಿ ನೀರು ತುಂಬಿ, ಓಟಿಒ ಹನಿ ಬಿಟ್ಟು, ಹಳದಿ ಎಷ್ಟು ಗಾಢ ಅಂತ ಪಟ್ಟಿಗೆ ಹಿಡಿದು ನೋಡುವುದು. ಇದರಲ್ಲಿ ಒಂದು ಮೋಸ ಇದೆ. ಓಟಿಒ ತೋರಿಸುವುದು ಒಟ್ಟು ಕ್ಲೋರಿನ್. ಕೊಳೆಯನ್ನು ಕೊಲ್ಲಲು ತಯಾರಾಗಿ ನಿಂತ ಬಿಡಿ ಕ್ಲೋರಿನ್, ಅಮೋನಿಯಾದಂಥದ್ದರ ಜೊತೆ ಸೇರಿ ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾದ, ಅಂದರೆ ಕಟ್ಟಿಬಿದ್ದ ಕ್ಲೋರಿನ್, ಎರಡನ್ನೂ ಒಟ್ಟಿಗೆ ಹಳದಿ ಮಾಡಿ ತೋರಿಸುತ್ತದೆ. ಬೆಳಿಗ್ಗೆ ತಿಳಿ ಹಳದಿ ಕಂಡು "ಪರವಾಗಿಲ್ಲ, ಸ್ವಲ್ಪ ಇದೆ" ಅಂದುಕೊಂಡ ದಿನಗಳಲ್ಲಿ ಬಿಡಿ ಕ್ಲೋರಿನ್ ಬಹುಶಃ ಸೊನ್ನೆಯೇ ಇತ್ತು.

ಹಾಗಾಗಿ ಎಫ್‌ಎಎಸ್-ಡಿಪಿಡಿ ಕಿಟ್ ತರಿಸಿದೆ. 10 ಮಿಲಿ ನೀರಿಗೆ ಪುಡಿ ಹಾಕಿದರೆ ಗುಲಾಬಿ ಬಣ್ಣ. ಆಮೇಲೆ ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ಬಣ್ಣ ಪೂರ್ತಿ ಹೋಗುವವರೆಗೆ ಎಷ್ಟು ಹನಿ ಅಂತ ಎಣಿಸಿದರೆ ಆಯಿತು. ಒಂದು ಹನಿಗೆ 0.5 ಪಿಪಿಎಂ. ಇದು ಬಿಡಿ ಕ್ಲೋರಿನ್. ಆಮೇಲೆ ಇನ್ನೊಂದು ಬಾಟಲಿಯ ಹನಿ ಹಾಕಿ, ಮತ್ತೆ ಗುಲಾಬಿ ಬಂದರೆ ಅದು ಕಟ್ಟಿಬಿದ್ದ ಕ್ಲೋರಿನ್. ಬಣ್ಣದ ಪಟ್ಟಿ ನೋಡಿ ಊಹಿಸುವ ತಲೆನೋವಿಲ್ಲ. ಕಿಟ್‌ಗೆ ಜಾಸ್ತಿಯೇ ಖರ್ಚಾಯಿತು. ಆದರೆ ಈ ಕಥೆಯಲ್ಲಿ ನಾನು ಕೊಟ್ಟ ದುಡ್ಡಿನಲ್ಲಿ ಇದೊಂದೇ ಸಾರ್ಥಕ.

ಮೊದಲು ಹೈಪೋವನ್ನೇ ಅಳೆದೆ. ತೊಳೆದ ಬಕೆಟ್‌ನಲ್ಲಿ 10 ಲೀಟರ್ ಕುಡಿಯುವ ಕ್ಯಾನ್ ನೀರು, ಅದಕ್ಕೆ ಸಿರಿಂಜಿನಲ್ಲಿ 1 ಮಿಲಿ ಹೈಪೋ. ಹೈಪೋ 10 ಪರ್ಸೆಂಟ್ ಇದ್ದರೆ 10 ಪಿಪಿಎಂ ಬರಬೇಕು, ಅಂದರೆ 20 ಹನಿ. ನನಗೆ 12 ಹನಿಗೇ ಬಣ್ಣ ಹೋಯಿತು. 6 ಪರ್ಸೆಂಟ್! ಅಂಗಡಿಯವರನ್ನು ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಕ್ಯಾನ್ ಇಟ್ಟಿದ್ದು ಪಂಪ್ ರೂಮಿನ ಶೀಟ್ ಚಾವಣಿಯ ಕೆಳಗೆ. ಮಧ್ಯಾಹ್ನ ಅಲ್ಲಿ ಕಾಲಿಡಲು ಆಗುವುದಿಲ್ಲ, ಅಷ್ಟು ಕಾವು. ಹೈಪೋ ಬಿಸಿಯಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೊಸ ಕ್ಯಾನ್ ತಂದು, ಮನೆಯ ಉತ್ತರದ ಗೋಡೆಯ ನೆರಳಿನಲ್ಲಿ, ಕೊಟ್ಟಿಗೆಯ ಮೂಲೆಗೆ ಇಟ್ಟೆ. ಆಸಿಡ್ ಕ್ಯಾನ್ ಮಾತ್ರ ಅಲ್ಲಿಗೆ ಬರಕೂಡದು ಅಂತ ಎಲ್ಲರಿಗೂ ಹೇಳಿದ್ದೇನೆ. ಹೈಪೋ, ಆಸಿಡ್ ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಅದು ಆಟವಲ್ಲ.

ಇನ್ನೊಂದು ಕಳ್ಳ ಬಿಸಿಲು. ಬರೀ ಹೈಪೋ ಹಾಕುವ ಪೂಲ್‌ನಲ್ಲಿ ಕ್ಲೋರಿನ್‌ಗೆ ಕೊಡೆ ಹಿಡಿಯುವವರು ಯಾರೂ ಇಲ್ಲ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಕ್ಲೋರಿನ್ ಒಂದು ಗಂಟೆಯೊಳಗೇ ಹೋಗಿಬಿಡಬಹುದು. ಅದಕ್ಕೆ ಸೈಯನ್ಯೂರಿಕ್ ಆಸಿಡ್ ಬೇಕು. ಪೂಲ್ ಅಂಗಡಿಗಳಲ್ಲಿ ಸ್ಟೆಬಿಲೈಸರ್ ಅಂತಾರೆ. 30 ಪಿಪಿಎಂ ಬರಲು ನನ್ನ ನೀರಿಗೆ 820 ಗ್ರಾಂ ಬೇಕಾಯಿತು. ಹಳೆಯ ಕಾಲುಚೀಲಕ್ಕೆ ತುಂಬಿ ರಿಟರ್ನ್ ನೀರು ಬರುವ ಬಾಯಿಯ ಮುಂದೆ ನೇತುಹಾಕಿದೆ. ಆಗಾಗ ಹಿಂಡುತ್ತಾ ಇದ್ದರೆ ಎರಡು ದಿನದಲ್ಲಿ ಕರಗುತ್ತದೆ. ಇದನ್ನು ಜಾಸ್ತಿ ಹಾಕಲೂ ಬಾರದು. ಜಾಸ್ತಿಯಾದಷ್ಟೂ ಕ್ಲೋರಿನ್ ಮಂಕಾಗುತ್ತದೆ. ಆಮೇಲೆ ಕಮ್ಮಿ ಮಾಡಲು ನೀರು ಚೆಲ್ಲುವುದೊಂದೇ ದಾರಿ.

ಇಷ್ಟಾದ ಮೇಲೆ ಹಗಲಿನ ನಷ್ಟ ಕಣ್ಣಿಗೆ ಕಾಣುವಷ್ಟು ಇಳಿಯಿತು. ಮುಗಿಯಿತು ಅಂದುಕೊಂಡೆ.

ಸೂರ್ಯ ಇಲ್ಲದ ಹೊತ್ತಿನ ಪರೀಕ್ಷೆ

ಮುಗಿದಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಸೂರ್ಯ ಮುಳುಗಿದ ಮೇಲೆ ಅಳೆಯಬೇಕು. ಮತ್ತೆ ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಅಳೆಯಬೇಕು. ನಡುವೆ ಯಾರೂ ಇಳಿಯಬಾರದು, ಏನೂ ಹಾಕಬಾರದು. ರಾತ್ರಿ ಬಿಸಿಲಿಲ್ಲವಲ್ಲ, ಹಾಗಾಗಿ ಹೋದ ಕ್ಲೋರಿನ್ ಯಾವುದನ್ನೋ ಸುಡಲು ಹೋಗಿದೆ ಅಂತಲೇ ಅರ್ಥ. 1 ಪಿಪಿಎಂ ಒಳಗೆ ಇಳಿದರೆ ಚಿಂತೆಯಿಲ್ಲ.

ಸಂಜೆ ಏಳು ಗಂಟೆಗೆ 5. ಬೆಳಿಗ್ಗೆ ಆರಕ್ಕೆ 3. ಕಟ್ಟಿಬಿದ್ದದ್ದು 1.5.

ರಾತ್ರಿಯಿಡೀ ಎರಡು ಪಿಪಿಎಂ ತಿಂದವರು ಯಾರು? ಪಾಚಿ ಕಾಣುತ್ತಿರಲಿಲ್ಲ. ನೀರೊಳಗಿನ ಲೈಟನ್ನು ಬಿಚ್ಚಿ ಹೊರಗೆಳೆದೆ. ಅದರ ಹಿಂದಿನ ಗೂಡಿನಲ್ಲಿ ಲೋಳೆ ಲೋಳೆ, ಕೈ ಹಾಕಲು ಹೇಸಿಗೆಯಾಗುವಷ್ಟು. ಏಣಿಯ ಪೈಪಿನ ಬುಡದಲ್ಲೂ ಅದೇ. ಬ್ರಷ್ ಹಾಕಿ ತಿಕ್ಕಿದೆ. ಸ್ಯಾಂಡ್ ಫಿಲ್ಟರಿಗೆ ನೀರು ಉಲ್ಟಾ ಹರಿಸಿ ಬ್ಯಾಕ್‌ವಾಶ್ ಮಾಡಿದೆ. ಆ ರಾತ್ರಿ 5 ಇದ್ದದ್ದು 3.5. ಸ್ವಲ್ಪ ಮೇಲು. ಎರಡು ದಿನ ಬಿಟ್ಟು ಮತ್ತೆ 5 ಇದ್ದದ್ದು 2.5! ಇದಂತೂ ಅರ್ಥವೇ ಆಗಲಿಲ್ಲ. ಕೊಳೆ ತೆಗೆದ ಮೇಲೆ ನಷ್ಟ ಏರುವುದು ಹೇಗೆ?

ಆಗ ಹೊಳೆದದ್ದು ಬಕೆಟ್. ತಪ್ಪು ನೀರಿನಲ್ಲಿದೆಯೋ, ಗೋಡೆ, ಫಿಲ್ಟರ್, ಪೈಪಿನಲ್ಲಿದೆಯೋ ಅಂತ ಬೇರೆ ಮಾಡಬೇಕಲ್ವಾ? ನೀರನ್ನು ಪೂಲ್‌ನಿಂದ ಹೊರಗೆ ತಂದು ಇಟ್ಟು ನೋಡಿದರೆ ಗೊತ್ತಾಗುತ್ತದೆ.

ನಾಲ್ಕು ಬಕೆಟ್ ತೆಗೆದುಕೊಂಡೆ. ಮೊದಲು ನಾಲ್ಕಕ್ಕೂ ಹೈಪೋ ನೀರು ತುಂಬಿಸಿ ಅರ್ಧ ದಿನ ಬಿಟ್ಟು ತೊಳೆದೆ. ಇಲ್ಲದಿದ್ದರೆ ಬಕೆಟ್ಟಿನ ಕೊಳೆಯೇ ಕ್ಲೋರಿನ್ ತಿಂದು ನಮಗೆ ಟೋಪಿ ಹಾಕುತ್ತದೆ. ಒಂದರಲ್ಲಿ ಕುಡಿಯುವ ಕ್ಯಾನ್ ನೀರು, ಒಂದರಲ್ಲಿ ಪೂಲ್ ನೀರು, ಒಂದರಲ್ಲಿ ಬೋರಿನ ಬಾಯಿಂದ ನೇರ ಹಿಡಿದ ನೀರು. ನಾಲ್ಕನೆಯದರಲ್ಲಿ ತೋಟದ ಸಂಪಿನ ನೀರು, ಯಾಕೆಂದರೆ ಪೂಲ್ ತುಂಬುವುದು ಅಲ್ಲಿಂದಲೇ. ಎಲ್ಲವೂ 10 ಲೀಟರ್. 5 ಪಿಪಿಎಂ ಬರುವಷ್ಟು ಹೈಪೋ ಹಾಕಬೇಕು. ಹೊಸ ಕ್ಯಾನ್‌ದಾದರೆ ಅರ್ಧ ಮಿಲಿ ಸಾಕು. ಮೇಲೆ ತಟ್ಟೆ ಮುಚ್ಚಿ ಉಗ್ರಾಣದ ಕತ್ತಲೆಯಲ್ಲಿಟ್ಟೆ. ಅಮ್ಮ ಹಪ್ಪಳದ ಡಬ್ಬ ಆ ಕಡೆ ಸರಿಸಿ ಒಂದು ನೋಟ ನೋಡಿದರು, ಏನೂ ಅನ್ನಲಿಲ್ಲ.

ಬೆಳಿಗ್ಗೆ ಕ್ಯಾನ್ ನೀರು 5, ಅಲ್ಲಾಡಿರಲಿಲ್ಲ. ಬೋರ್ ನೀರು 4.5. ಪೂಲ್ ನೀರು 3.5. ಸಂಪಿನ ನೀರಿಗೆ ಪುಡಿ ಹಾಕಿದೆ. ಗುಲಾಬಿ ಬಣ್ಣ ಬರಲೇ ಇಲ್ಲ ಅನ್ನಬೇಕು. ಬಿಡಿ ಕ್ಲೋರಿನ್ ಸೊನ್ನೆ. ಇನ್ನೊಂದು ಬಾಟಲಿಯ ಹನಿ ಬಿಟ್ಟ ತಕ್ಷಣ ಟ್ಯೂಬ್ ಕೆಂಪಗೆ ತಿರುಗಿತು. ಕಟ್ಟಿಬಿದ್ದದ್ದು 4! ಅಂದರೆ ಕ್ಲೋರಿನ್ ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಇತ್ತು, ಯಾರೋ ಕೈ ಕಟ್ಟಿ ಕೂರಿಸಿದ್ದರು.

ಕೈ ಕಟ್ಟುವುದರಲ್ಲಿ ಅಮೋನಿಯಾ ಪಂಟರು. ಮೀನಿನ ತೊಟ್ಟಿ ಇಟ್ಟುಕೊಂಡವರು ಬಳಸುವ ಅಮೋನಿಯಾ ಕಿಟ್ ತಂದೆ. ಬೋರ್ ನೀರು ಹಳದಿಯಾಗಿಯೇ ಉಳಿಯಿತು. ಸಂಪಿನ ನೀರು ಕಡು ಹಸಿರು, ಅಂದರೆ ಅಮೋನಿಯಾ.

ಅಪ್ಪನ ದೂರು

ಬೋರಿನಲ್ಲಿ ಇಲ್ಲದ್ದು ಸಂಪಿನಲ್ಲಿ ಬಂದಿದೆ. ಬಾವಲಿ ಹಿಕ್ಕೆಯೋ, ಕೊಟ್ಟಿಗೆಯ ಗಂಜಲ ಬಸಿಯುತ್ತಿದೆಯೋ ಅಂತ ಸಂಪಿನ ಸುತ್ತ ಟಾರ್ಚ್ ಹಿಡಿದು ಓಡಾಡಿದೆ. ಬಿರುಕು ಕಾಣಲಿಲ್ಲ. ಮುಚ್ಚಳ ಗಟ್ಟಿಯಾಗಿತ್ತು. ಅಪ್ಪ ಕಾಫಿ ಲೋಟ ಹಿಡಿದು ಬಂದು ನಿಂತರು.

"ಏನಪ್ಪಾ, ಕಳ್ಳ ಸಿಕ್ಕಿದ್ನಾ?"

"ಈ ಸಂಪಲ್ಲಿ ಯೂರಿಯಾ ಬಿದ್ದಂಗಿದೆ ಅಪ್ಪಾ."

ಸುಮ್ನೆ ಬಾಯಿಗೆ ಬಂದದ್ದು ಅಂದೆ. ಅಪ್ಪ ಲೋಟ ಕೆಳಗಿಟ್ಟರು. "ಅದಕ್ಕೇ ನನ್ನ ಡ್ರಮ್ಮು ಖಾಲಿ ಆಯ್ತಿದೆ!"

ಅವರ ಕಡೆಯ ಕಥೆ ಆಗ ಹೊರಗೆ ಬಂತು. ಬಾಳೆಗೆ ವಾರಕ್ಕೆ ಎರಡು ಸಲ ಡ್ರಿಪ್‌ನಲ್ಲೇ ಗೊಬ್ಬರ ಬಿಡುತ್ತಾರೆ. ಡ್ರಮ್ಮಿನಲ್ಲಿ ಯೂರಿಯಾ ಕರಗಿಸಿಟ್ಟು, ಪೈಪಿಗೆ ಕೂರಿಸಿದ, ಹರಿಯುವ ನೀರಿನ ಎಳೆತದಿಂದ ಹೀರುವ ವೆಂಚುರಿಯ ಟ್ಯೂಬನ್ನು ಅದರೊಳಗೆ ಇಳಿಬಿಟ್ಟರೆ ನೀರಿನ ಜೊತೆ ಗೊಬ್ಬರವೂ ಎಳೆದುಕೊಂಡು ಹೋಗುತ್ತದೆ. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಬರುವುದೇ ಪಾಳಿಯ ಮೇಲೆ. ಅದೂ ನಡುವೆ ಕೈಕೊಡುತ್ತದೆ. ಕರೆಂಟ್ ಹೋದಾಗ ಡ್ರಮ್ಮಿನಲ್ಲಿ ಅರ್ಧ ಇದ್ದದ್ದು, ಮತ್ತೆ ಬಂದು ಸ್ಟಾರ್ಟರ್ ಒತ್ತುವ ಹೊತ್ತಿಗೆ ತಳ ಕಾಣುತ್ತಿತ್ತಂತೆ. ಡ್ರಮ್ ತೂತಾಗಿದೆಯೇನೋ ಅಂತ ಅವರು ಎರಡು ಸಲ ಕೆಳಗೆ ಬಟ್ಟೆ ಹಾಸಿ ನೋಡಿದ್ದರು. ಬಟ್ಟೆ ಒಣಗಿಯೇ ಇತ್ತು.

ಇನ್ನೊಂದು ಸುಳಿವು ತಿಂಗಳಿಂದ ನಮ್ಮ ಕಣ್ಣ ಮುಂದೆಯೇ ಇತ್ತು. ದಿನಾ ಬೆಳಿಗ್ಗೆ ಅಪ್ಪ ಮೋಟರಿನ ತಲೆಯ ಬಿರಡೆ ಬಿಚ್ಚಿ ಎರಡು ಕೊಡ ನೀರು ಹುಯ್ಯುತ್ತಿದ್ದರು. "ಏರ್ ಹಿಡ್ಕೊಂಡಿದೆ" ಅಂತ ಮಾತು. ಏರ್ ಹಿಡಿಯುವುದು ಯಾಕೆ? ಸಂಪಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ನೀರು ತಡೆಯುತ್ತಿಲ್ಲ. ಮೋಟರ್ ನಿಂತ ಕೂಡಲೇ ಪೈಪಿನಲ್ಲಿದ್ದ ನೀರೆಲ್ಲ ವಾಪಸ್ ಸಂಪಿಗೆ ಇಳಿಯುತ್ತಿದೆ. ಇಳಿಯುವಾಗ ಹಿಂದಿನಿಂದ ಎಳೆತ ಬೀಳುತ್ತದೆ. ವೆಂಚುರಿಯ ಟ್ಯೂಬಿನಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ, ನಿಜ. ಆದರೆ ಅದು ತಡೆಯುವುದು ಪೈಪಿನ ನೀರು ಡ್ರಮ್ಮಿಗೆ ಬರುವುದನ್ನು. ಡ್ರಮ್ಮಿನ ಗೊಬ್ಬರ ಪೈಪಿಗೆ ಹೋಗುವುದಕ್ಕೆ ಅದರ ಅಡ್ಡಿಯೇ ಇಲ್ಲ, ಅದರ ಕೆಲಸವೇ ಅದು. ಡ್ರಮ್ ಇರುವುದು ಕಟ್ಟೆಯ ಮೇಲೆ, ಸಂಪು ನೆಲದೊಳಗೆ. ಒಂದು ಸಲ ಎಳೆತ ಶುರುವಾದರೆ ಡ್ರಮ್ ಖಾಲಿಯಾಗುವವರೆಗೆ ಬಿಡುವ ಮಾತಿಲ್ಲ.

ಹೀಗೆ ಇರಬಹುದು ಅಂದುಕೊಂಡರೆ ಸಾಲದು, ಕಣ್ಣಾರೆ ನೋಡಬೇಕು ಅನ್ನಿಸಿತು. ಡ್ರಮ್ಮಿಗೆ ಬರೀ ನೀರು ತುಂಬಿ, ಅಡುಗೆಮನೆಯಿಂದ ಕೇಸರಿಬಾತಿಗೆ ಹಾಕುವ ಬಣ್ಣ ತಂದು ಇಡೀ ಪೊಟ್ಟಣ ಸುರಿದೆ. ಮೋಟರ್ ಹಾಕಿ ಹತ್ತು ನಿಮಿಷ ಓಡಿಸಿದೆ. ಸಂಪಿನ ಮುಚ್ಚಳ ತೆಗೆದು ಅಪ್ಪ ಟಾರ್ಚ್ ಬಿಟ್ಟುಕೊಂಡು ಬಗ್ಗಿದರು. ನಾನು ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಫುಟ್‌ವಾಲ್ವಿನ ಜರಡಿಯಿಂದ ಕೇಸರಿ ಬಣ್ಣದ ಹೊಗೆ ನಿಧಾನಕ್ಕೆ ನೀರಿನಲ್ಲಿ ಬಿಚ್ಚಿಕೊಂಡಿತು.

"ನೋಡ್ದಾ!" ಅಂದರು ಅಪ್ಪ. ಕಳೆದುಕೊಂಡದ್ದು ಅವರದೇ ಯೂರಿಯಾ. ಆದರೂ ಗೆದ್ದವರ ಹಾಗೆ ಖುಷಿಯಾಗಿದ್ದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಸಂಪು 10 ಅಡಿ ಉದ್ದ, 10 ಅಡಿ ಅಗಲ, 7 ಅಡಿ ಆಳ, ಹತ್ತಿರ ಹತ್ತಿರ 20,000 ಲೀಟರ್. ಒಂದು ಸಲಕ್ಕೆ 1 ಕೆಜಿ ಯೂರಿಯಾ ವಾಪಸ್ ಬಂತು ಅನ್ನಿ. ಲೀಟರಿಗೆ 50 ಮಿಲಿಗ್ರಾಂ ಆಯಿತು. ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್. ಬೇಸಿಗೆಯಲ್ಲಿ ಪೂಲ್‌ನಿಂದ ಆವಿಯಾಗುವುದು, ಬ್ಯಾಕ್‌ವಾಶ್‌ಗೆ ಹೋಗುವುದು ಸೇರಿ ವಾರಕ್ಕೆ 1,300 ಲೀಟರ್ ತುಂಬಿಸಬೇಕಾಗುತ್ತದೆ. ಅದರ ಜೊತೆ 30 ಗ್ರಾಂ ಸಾರಜನಕ ಪೂಲ್‌ಗೆ ಬರುತ್ತದೆ. ಒಂದು ಪಾಲು ಅಮೋನಿಯಾ ಸಾರಜನಕವನ್ನು ಮುಗಿಸಲು ಹತ್ತು ಪಾಲು ಕ್ಲೋರಿನ್ ಅಂತ ಪೂಲ್‌ನವರ ಲೆಕ್ಕ. ಅಲ್ಲಿಗೆ 300 ಗ್ರಾಂ, ಅಂದರೆ ವಾರಕ್ಕೆ 3 ಲೀಟರ್ ಹೈಪೋ ಬರೀ ಅಪ್ಪನ ಬಾಳೆ ಗೊಬ್ಬರವನ್ನು ಸುಡಲು! ಯೂರಿಯಾ ಹಾಗೇ ಇದ್ದರೆ ಕ್ಲೋರಿನ್ ಜೊತೆ ನಿಧಾನಕ್ಕೆ ಕಾದಾಡುತ್ತದೆ. ಸಂಪಿನ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿಕೊಟ್ಟರೆ ಮುಟ್ಟಿದ ಕೂಡಲೇ ಹಿಡಿದುಕೊಳ್ಳುತ್ತದೆ. ನನ್ನ ಪೂಲ್‌ಗೆ ಎರಡೂ ಬರುತ್ತಿದ್ದವು.

ನಡುವೆ ಒಂದು ರಾತ್ರಿ ನಷ್ಟ ಏರಿದ್ದು ಯಾಕೆ ಅಂತಲೂ ಗೊತ್ತಾಯಿತು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪ ಗೊಬ್ಬರ ಬಿಟ್ಟ ದಿನ "ಗೊ" ಅಂತ ಬರೆಯುತ್ತಾರೆ. ನನ್ನ ನೋಟ್‌ಬುಕ್ಕನ್ನು ಪಕ್ಕ ಹಿಡಿದು ನೋಡಿದೆ. ಕೆಟ್ಟ ರಾತ್ರಿಗಳೆಲ್ಲ "ಗೊ" ಆದ ಮಾರನೇ ದಿನ ಅಥವಾ ಅದರ ಮಾರನೇ ದಿನ. ಬ್ಯಾಕ್‌ವಾಶ್ ಮಾಡಿ ನಾನೇ ಸಂಪಿನಿಂದ ಧಾರಾಳವಾಗಿ ನೀರು ತುಂಬಿಸಿಕೊಂಡಿದ್ದೆ ಬೇರೆ.

ರಿಪೇರಿ

ಫುಟ್‌ವಾಲ್ವ್ ಎಳೆದು ಬಿಚ್ಚಿದೆವು. ಒಳಗಿನ ರಬ್ಬರ್ ಬಿಲ್ಲೆಯ ಕೆಳಗೆ ಬಾಳೆಯ ನಾರು ಸಿಕ್ಕಿಕೊಂಡು ಅಂಚು ಸವೆದುಹೋಗಿತ್ತು. ಹೊಸದು ಹಾಕಿದೆವು. ಅದನ್ನೊಂದನ್ನೇ ನಂಬುವ ಹಾಗಿಲ್ಲ, ನಾರು ಮತ್ತೆ ಬಂದೇ ಬರುತ್ತದೆ. ಅದಕ್ಕೆ ಮೋಟರ್ ದಾಟಿದ ಮೇಲೆ, ವೆಂಚುರಿಗಿಂತ ಮುಂಚೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಹಿತ್ತಾಳೆ ಎನ್‌ಆರ್‌ವಿ. ಇದನ್ನು ಹಾಕುವಾಗ ಬಾಣದ ಗುರುತು ನೋಡಿಕೊಳ್ಳಬೇಕು. ನಾನು ಮೊದಲು ಉಲ್ಟಾ ಹಾಕಿದ್ದೆ. ಮೋಟರ್ ಹಾಕಿದರೆ ಡ್ರಿಪ್‌ಗೆ ಒಂದು ಹನಿಯೂ ಬರಲಿಲ್ಲ, ಅಪ್ಪ ಮನಸಾರೆ ನಕ್ಕರು. ಡ್ರಮ್ಮಿನ ಟ್ಯೂಬಿಗೆ ಒಂದು ಸಣ್ಣ ಬಾಲ್ ವಾಲ್ವ್ ಕೂಡ ಹಾಕಿದೆವು, ಮೋಟರ್ ನಿಲ್ಲಿಸುವ ಮುಂಚೆ ಮುಚ್ಚಲು. ಕರೆಂಟ್ ತಾನಾಗಿ ಹೋದರೆ ಅದು ಉಪಯೋಗಕ್ಕಿಲ್ಲ. ಆಗ ಕಾಯುವುದು ಎನ್‌ಆರ್‌ವಿಯೇ.

ಮುಖ್ಯವಾದ ಬದಲಾವಣೆ ಬೇರೆ. ಪೂಲ್‌ಗೆ ಸಂಪಿನ ಸಂಬಂಧವನ್ನೇ ಕಡಿದೆ. ಬೋರಿನ ಪೈಪಿನಿಂದ ಒಂದು ಕವಲು ತೆಗೆದು 500 ಲೀಟರಿನ ಬೇರೆ ಟ್ಯಾಂಕಿಗೆ ಬಿಟ್ಟೆ. ಪೈಪಿನ ಬಾಯಿ ಟ್ಯಾಂಕಿನ ನೀರಿಗಿಂತ ಒಂದು ಗೇಣು ಮೇಲೆ. ನಡುವೆ ಬರೀ ಗಾಳಿ ಇದ್ದರೆ ಯಾವ ವಾಲ್ವ್ ಕೆಟ್ಟರೂ ನೀರು ಹಿಂದಕ್ಕೆ ಹೋಗಲಾರದು. ಆ ಟ್ಯಾಂಕಿನಿಂದ ಪೂಲ್‌ಗೆ ಫ್ಲೋಟ್ ವಾಲ್ವ್. ಮನೆಯ ಬಚ್ಚಲಿನ ನೀರೂ ಸಂಪಿನಿಂದಲೇ ಬರುತ್ತಿತ್ತು. ಅದನ್ನೂ ಇದೇ ಟ್ಯಾಂಕಿಗೆ ತಿರುಗಿಸಿದೆ. ಸದ್ಯ, ಕುಡಿಯಲು ನಾವು ಕ್ಯಾನ್ ನೀರು ತರಿಸುತ್ತೇವೆ. ಸಂಪಿನ ಯೂರಿಯಾ ನೀರನ್ನು ಚೆಲ್ಲಲಿಲ್ಲ, ಪೂರ್ತಿ ಅಡಿಕೆ ಗಿಡಗಳಿಗೆ ಬಿಟ್ಟೆವು. ತಳದ ಕೆಸರನ್ನು ಮಂಕರಿಯಲ್ಲಿ ಎತ್ತಿ ಹಾಕಿದೆವು.

ಪೂಲ್‌ನ ನೀರಿನಲ್ಲಿ ಮೂರನೇ ಒಂದು ಭಾಗ ತೆಗೆದು ಬೋರ್ ನೀರು ತುಂಬಿಸಿದೆ. ಕಮ್ಮಿಯಾದ ಸ್ಟೆಬಿಲೈಸರನ್ನು ಮತ್ತೆ 30ಕ್ಕೆ ತಂದೆ. ಪಿಎಚ್ 7.2ಕ್ಕೆ ಇಳಿಸಿಕೊಂಡೆ. ಕ್ಲೋರಿನ್ ಏರಿಸಿದ ಮೇಲೆ ಪಿಎಚ್ ಅಳತೆ ಸರಿಯಾಗಿ ಬರುವುದಿಲ್ಲ, ಅದಕ್ಕೇ ಮೊದಲೇ ಮಾಡಿಕೊಳ್ಳಬೇಕು. ಆಮೇಲೆ ಕ್ಲೋರಿನ್ 12ಕ್ಕೆ ಏರಿಸಿ ಅಲ್ಲೇ ಹಿಡಿದಿಟ್ಟೆ. ಒಂದೇ ಸಲ ಸುರಿದು ಮಲಗಿದರೆ ಪ್ರಯೋಜನವಿಲ್ಲ. ಇಳಿದಷ್ಟನ್ನೂ ಮತ್ತೆ ಮತ್ತೆ ತುಂಬಬೇಕು. ಮೊದಲ ದಿನ ಎರಡೆರಡು ಗಂಟೆಗೊಮ್ಮೆ ಅಳೆದೆ, 12 ಇದ್ದದ್ದು 7ಕ್ಕೆ, 8ಕ್ಕೆ ಬರುತ್ತಿತ್ತು. ಅಂದು ಪೂಲ್ ಸುತ್ತ ಮೂಗಿಗೆ ಬಡಿಯುವ ವಾಸನೆ. ಜನ ಇದನ್ನು ಕ್ಲೋರಿನ್ ವಾಸನೆ ಅಂತಾರೆ. ನಿಜಕ್ಕೂ ಅದು ಅಮೋನಿಯಾ ಜೊತೆ ಕಟ್ಟಿಬಿದ್ದ ಕ್ಲೋರಿನ್‌ನ ವಾಸನೆ. ಮಕ್ಕಳ ಕಣ್ಣು ಕೆಂಪಾಗುತ್ತಿದ್ದದ್ದಕ್ಕೂ ಅದೇ ಕಾರಣ. ಮೂರನೇ ದಿನ ವಾಸನೆ ಹೋಯಿತು. ದಿನಾ ಗೋಡೆ ತಿಕ್ಕಿದೆ. ಲೈಟಿನ ಗೂಡನ್ನು ಇನ್ನೊಂದು ಸಲ ಬಿಚ್ಚಿ ತೊಳೆದೆ.

ನಾಲ್ಕನೇ ರಾತ್ರಿ 12 ಇದ್ದದ್ದು ಬೆಳಿಗ್ಗೆ 10.5. ಐದನೇ ರಾತ್ರಿ 12 ಇದ್ದದ್ದು 11.5, ಕಟ್ಟಿಬಿದ್ದದ್ದು 0.5. ಅಲ್ಲಿಗೆ ನಿಲ್ಲಿಸಿ, ಬಿಸಿಲಿಗೆ ತಾನಾಗಿ 4ಕ್ಕೆ ಇಳಿಯಲು ಬಿಟ್ಟೆ. ಈಗ ಸಂಜೆಗೆ ಅರ್ಧ ಲೀಟರ್ ಹೈಪೋ ಸಾಕಾಗುತ್ತಿದೆ. ಎನ್‌ಆರ್‌ವಿ, ಫುಟ್‌ವಾಲ್ವ್, ಪೈಪ್ ಎಲ್ಲ ಸೇರಿ ಖರ್ಚು ಆ ಅಮೋಘ ಫಾಸ್ಫೇಟ್ ಬಾಟಲಿಗಿಂತ ಸ್ವಲ್ಪವೇ ಮೇಲೆ. ಟ್ಯಾಂಕ್ ಮನೆಯಲ್ಲೇ ಬಿದ್ದಿತ್ತು.

ಅಪ್ಪ ಈಗ ಬೆಳಿಗ್ಗೆ ಮೋಟರಿಗೆ ನೀರು ಹುಯ್ಯಬೇಕಿಲ್ಲ. ಆದರೂ ಅಭ್ಯಾಸಬಲದಿಂದ ಕೊಡ ಹಿಡಿದು ಹೋಗಿ, ಬಿರಡೆ ಬಿಚ್ಚಿ, ತುಂಬಿರುವುದನ್ನು ನೋಡಿ ವಾಪಸ್ ಬರುತ್ತಾರೆ. ಲೈಟಿನ ಗ್ಯಾಸ್ಕೆಟ್ ಮಾತ್ರ ಎರಡು ಸಲ ಬಿಚ್ಚಿದ್ದಕ್ಕೆ ಸಡಿಲವಾಗಿದೆ, ಗಾಜಿನೊಳಗೆ ಆವಿ ಕಟ್ಟುತ್ತಿದೆ. ಸದ್ಯಕ್ಕೆ ಅದರ ಫ್ಯೂಸ್ ತೆಗೆದಿಟ್ಟಿದ್ದೇನೆ.